ರೈಫಲ್ ಸೀಸನ್‌ನಲ್ಲಿ ಎಲ್ಕ್ ಬೇಟೆಗೆ ಯಾವ ದಿನ ರಜೆ ಹಾಕುವುದು?

ಪ್ರತಿ ವರ್ಷ ಆಗಸ್ಟ್ ಬಂದೊಡನೆ ನಾನು ಕ್ಯಾಲೆಂಡರ್ ಮುಂದಿಟ್ಟುಕೊಂಡು ರಜೆಯ ಲೆಕ್ಕ ಹಾಕಲು ಕೂರುತ್ತೇನೆ. ಡೆನ್ವರ್‌ನಲ್ಲಿ ಕಚೇರಿ ಕೆಲಸ ಮಾಡುವ ನನಗೆ, ಊರಿಗೆ ಹೋಗಿಬರುವುದಕ್ಕೆ, ಮಕ್ಕಳ ಜ್ವರಕ್ಕೆ, ದೀಪಾವಳಿಗೆ ಎಂದೆಲ್ಲ ತೆಗೆದಿಟ್ಟ ಮೇಲೆ ಬೇಟೆಗೆ ಉಳಿಯುವುದು ನಾಲ್ಕೈದು ದಿನಗಳ ರಜೆ. ಕೊಲೊರಾಡೊದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ, ಅಮೆರಿಕದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೂ ಬೇಟೆಗೆ ಹೋದ ಐವರಲ್ಲಿ ನಾಲ್ವರು ಬರಿಗೈಯಲ್ಲಿ ಮರಳುತ್ತಾರೆ. ಈ ನಾಲ್ವರ ಪೈಕಿ ಹಲವು ವರ್ಷ ನಾನೂ ಇದ್ದೆ. ಆಗ ಮಾಡಿದ ತಪ್ಪುಗಳಲ್ಲಿ ದೊಡ್ಡದು ದಿನಗಳ ಆಯ್ಕೆಯದು ಎಂದು ಈಗ ಅನಿಸುತ್ತದೆ.

ಎಲ್ಕ್ ಎಂದರೆ ನಮ್ಮ ಮಲೆನಾಡಿನ ಕಡವೆಯ ದೊಡ್ಡಪ್ಪ ಎನ್ನಬಹುದು. ಬಲಿತ ಗಂಡು ಮುನ್ನೂರು ಕಿಲೋ ದಾಟುತ್ತದೆ. ಮೈ ತಿಳಿ ಕಂದು, ಕುತ್ತಿಗೆಯ ಕೂದಲು ಕಡುಗಂದು, ಹಿಂಭಾಗದಲ್ಲಿ ದೂರದಿಂದಲೇ ಕಾಣುವ ಮಾಸಲು ಬಿಳಿಯ ಮಚ್ಚೆ. 1972ರ ವನ್ಯಜೀವಿ ಕಾಯ್ದೆಯ ನಂತರ ಹುಟ್ಟಿದ ನನಗೆ ಬೇಟೆಯೆಂದರೆ ಹಿರಿಯರು ಹೇಳುತ್ತಿದ್ದ ಮರಸಿನ ಕಥೆಗಳಷ್ಟೇ ಆಗಿದ್ದವು. ಇಲ್ಲಿ ಅದು ಲೈಸೆನ್ಸ್, ತರಬೇತಿ, ಸೀಸನ್ ಎಲ್ಲವೂ ಇರುವ, ಕಾನೂನಿನ ಚೌಕಟ್ಟಿನೊಳಗಿನ ವ್ಯವಹಾರ.

ಇಲ್ಲಿ ರೈಫಲ್ ಸೀಸನ್ ನಾಲ್ಕು ಭಾಗವಾಗಿ ಬರುತ್ತದೆ. ಮೊದಲನೆಯದು ಅಕ್ಟೋಬರ್ ಮಧ್ಯದ ಐದು ದಿನ. ಎರಡನೆಯದು ಅಕ್ಟೋಬರ್ ಕೊನೆಯಲ್ಲಿ ಆರಂಭವಾಗಿ ಎರಡು ವಾರಾಂತ್ಯಗಳನ್ನು ಒಳಗೊಂಡ ಒಂಬತ್ತು ದಿನ. ಮೂರನೆಯದು ನವೆಂಬರ್ ಎರಡನೆಯ ವಾರದ ಆಸುಪಾಸು, ನಾಲ್ಕನೆಯದು ಆ ತಿಂಗಳ ಮೂರನೆಯ ವಾರದ ಹೊತ್ತಿಗೆ ಐದು ದಿನ. ಮೊದಲನೆಯದಕ್ಕೂ ಕೊನೆಯದಕ್ಕೂ ಏಪ್ರಿಲ್ ಆರಂಭದೊಳಗೆ ಅರ್ಜಿ ಹಾಕಿ ಲಾಟರಿಯಲ್ಲಿ ಹೆಸರು ಬರಬೇಕು. ನಡುವಿನ ಎರಡಕ್ಕೆ, ಹಲವು ಪ್ರದೇಶಗಳಲ್ಲಿ, ಗಂಡು ಎಲ್ಕಿನ ಲೈಸೆನ್ಸನ್ನು ಆಗಸ್ಟ್‌ನಲ್ಲಿ ಅಂಗಡಿಗೆ ಹೋಗಿ ಕೊಂಡುಕೊಳ್ಳಬಹುದು. ಆದರೆ ಕೊಂಡ ಲೈಸೆನ್ಸ್ ಆ ಒಂದು ಸೀಸನ್‌ಗೆ ಮಾತ್ರ. ಅಂದರೆ ಅಕ್ಟೋಬರ್‌ನ ಹವಾಮಾನ ದೇವರಿಗೂ ಗೊತ್ತಿಲ್ಲದ ಆಗಸ್ಟ್‌ನಲ್ಲೇ ಅರ್ಧ ನಿರ್ಧಾರ ಆಗಿಹೋಗುತ್ತದೆ.

ಯಾವ ಸೀಸನ್ ಎಂಬುದನ್ನು ಎಲ್ಕಿನ ವರ್ಷಚಕ್ರ ನೋಡಿ ತೀರ್ಮಾನಿಸಬೇಕು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಆರಂಭದವರೆಗೆ ಅವುಗಳ ಬೆದೆಗಾಲ. ಗಂಡುಗಳು ಕೂಗುತ್ತ, ಕಾದಾಡುತ್ತ, ಮೇವು ಮರೆತು ಸೊರಗುತ್ತವೆ. ಮೊದಲ ಸೀಸನ್‌ನಲ್ಲಿ ಆ ಕೂಗು ಇನ್ನೂ ಅಲ್ಲೊಂದು ಇಲ್ಲೊಂದು ಕೇಳಿಸುವುದರಿಂದ ಎಲ್ಕ್ ಎಲ್ಲಿದೆಯೆಂದು ಅದೇ ಹೇಳುತ್ತದೆ. ಎರಡನೆಯದರ ಹೊತ್ತಿಗೆ ಬಲಿತ ಗಂಡುಗಳು ಹಿಂಡನ್ನು ಬಿಟ್ಟು, ಒಂಟಿಯಾಗಿಯೋ ಎರಡು ಮೂರರ ಗುಂಪಾಗಿಯೋ, ಸ್ಪ್ರೂಸ್ ಮರಗಳ ದಟ್ಟ ಕಾಡಿನಲ್ಲಿ, ಮನುಷ್ಯ ಹತ್ತಲು ಹಿಂಜರಿಯುವ ಕಡಿದಾದ ಜಾಗದಲ್ಲಿ, ತಿನ್ನುವುದು ಮಲಗುವುದು ಎರಡೇ ಕೆಲಸವೆಂಬಂತೆ ಅಡಗಿರುತ್ತವೆ. ಮೂರನೆಯದರಲ್ಲಿ ಹಿಮ ಬಿದ್ದಿದ್ದರೆ ಅವು ತಗ್ಗಿನ ಓಕ್ ಪೊದೆಗಳತ್ತ ಇಳಿಯುತ್ತಿರುತ್ತವೆ. ಬೀಳದಿದ್ದರೆ ಎರಡನೆಯ ಸೀಸನ್‌ನ ಕಷ್ಟವೇ ಮುಂದುವರಿಯುತ್ತದೆ, ಜೊತೆಗೆ ಚಳಿ ಹೆಚ್ಚು. ಎಲ್ಕ್ ಹಿಮಕ್ಕೆ ಅಂಜುವ ಪ್ರಾಣಿಯಲ್ಲ. ನಾಲ್ಕೈದು ಅಂಗುಲ ಬಿದ್ದರೆ ಗೊರಸಿನಿಂದ ಕೆದಕಿ ಹುಲ್ಲು ಮೇಯುತ್ತದೆ. ಒಂದೂವರೆ ಅಡಿಯಷ್ಟಾದ ಮೇಲೆಯೇ ಇಳಿಯುವ ಯೋಚನೆ ಮಾಡುತ್ತದೆ. ಮೊದಲ ಹಿಮ ಕಂಡೊಡನೆ ಎಲ್ಕ್ ಕೆಳಗೆ ಬಂದಿರುತ್ತದೆಂದು ನಂಬಿ ನಾನು ಒಂದು ಇಡೀ ಸೀಸನ್ ತಪ್ಪು ಎತ್ತರದಲ್ಲಿ ಕಳೆದಿದ್ದೇನೆ.

ನಾನು ಎರಡನೆಯದನ್ನೇ ಕೊಳ್ಳುತ್ತೇನೆ. ಗಂಡು ಎಲ್ಕಿಗೆ ಅದು ಅತಿ ಕಷ್ಟದ ಸೀಸನ್ ಎಂಬುದು ಗೊತ್ತಿದ್ದರೂ, ಒಂಬತ್ತು ದಿನಗಳಿರುವುದರಿಂದ ಹವಾಮಾನ ಒಮ್ಮೆಯಾದರೂ ಬದಲಾಗುತ್ತದೆ ಎಂಬುದು ನನ್ನ ಲೆಕ್ಕ.

ಇನ್ನು ಆ ಒಂಬತ್ತರಲ್ಲಿ ಯಾವ ದಿನ? ಎಲ್ಲರೂ ಹೇಳುವುದು ಮೊದಲ ಶನಿವಾರ. ಅದರಲ್ಲಿ ಸತ್ಯವಿದೆ. ಕೆಲವು ದಿನ ಯಾರೂ ಬೆದರಿಸದ ಪ್ರಾಣಿಗಳು ಅಂದು ಬೆಳಗಿನ ಮೊದಲ ಒಂದು ಗಂಟೆ ಬಯಲಿನಲ್ಲಿರುತ್ತವೆ. ಆದರೆ ಶುಕ್ರವಾರ ಸಂಜೆಯಿಂದಲೇ ಪಿಕಪ್ ಟ್ರಕ್‌ಗಳು, ಜನರೇಟರ್‌ಗಳು, ಹೆಡ್‌ಲ್ಯಾಂಪ್‌ಗಳು ಬೆಟ್ಟ ತುಂಬುತ್ತವೆ. ಬೆಳಗಾದರೆ ಕಿತ್ತಳೆ ಜಾಕೆಟ್‌ಗಳದೇ ಸಂತೆ. ಒಂಬತ್ತು ಗಂಟೆಯ ಹೊತ್ತಿಗೆ ಎಲ್ಕ್‌ಗಳು ದಟ್ಟ ಕಾಡಿಗೋ ಪಕ್ಕದ ಖಾಸಗಿ ಜಮೀನಿಗೋ ಸೇರಿಕೊಂಡಿರುತ್ತವೆ. ಬೇಲಿ ಯಾವುದೆಂದು ಅವಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಎತ್ತರದಲ್ಲಿ ತಿಂಗಳ ಮೊದಲೇ ಜಾಗ ನೋಡಿಟ್ಟು, ಕತ್ತಲಲ್ಲೇ ಹತ್ತಿ ಕೂರುವ ಶಕ್ತಿಯಿದ್ದವರಿಗೆ ಮಾತ್ರ ಮೊದಲ ಶನಿವಾರ ಒಳ್ಳೆಯದು. ರಸ್ತೆಯಿಂದ ಅರ್ಧ ಮೈಲಿಯಲ್ಲಿ ಕೂರುವವರಿಗೆ ಅದು ಬರೀ ಜಾತ್ರೆ.

ಸೋಮವಾರ ಬಹಳ ಮಂದಿ ಮನೆಗೆ ಹೊರಡುತ್ತಾರೆ. ಮಂಗಳವಾರದಿಂದ ಗುರುವಾರದವರೆಗೆ ಕಾಡು ಮೌನಕ್ಕೆ ಮರಳುತ್ತದೆ, ಎಲ್ಕ್‌ಗಳು ಮತ್ತೆ ಸಂಜೆ ಬೆಳಕಿರುವಾಗಲೇ ಅಂಚಿಗೆ ಬರತೊಡಗುತ್ತವೆ. ನನ್ನ ಮಟ್ಟಿಗೆ ರಜೆ ಹಾಕಬೇಕಾದ್ದು ಈ ದಿನಗಳಿಗೆ. ವಾರಾಂತ್ಯ ಹೇಗಿದ್ದರೂ ನಮ್ಮದೇ ಆಗಿರುವಾಗ ಅದಕ್ಕೆಂದು ಶುಕ್ರವಾರ, ಸೋಮವಾರಗಳನ್ನು ಖರ್ಚು ಮಾಡುವುದು ನನಗೆ ಈಗ ಸರಿಯೆನಿಸುವುದಿಲ್ಲ.

ಇದೆಲ್ಲವನ್ನೂ ಒಂದೇ ಏಟಿಗೆ ಮೀರಿಸುವುದು ಹವಾಮಾನ. 2023ರಲ್ಲಿ ಎರಡನೆಯ ಸೀಸನ್ ಅಕ್ಟೋಬರ್ 28ರ ಶನಿವಾರ ಆರಂಭವಾಯಿತು. ಅಂದು ಶೀಗಿ ಹುಣ್ಣಿಮೆ. ಊರಿನಲ್ಲಿ ಭೂಮಿ ಹುಣ್ಣಿಮೆಯ ಚರಗ ಚೆಲ್ಲಿ ಬಂದ ಅಮ್ಮನ ಜೊತೆ ಫೋನಿನಲ್ಲಿ ಮಾತನಾಡಿ ನಾವಿಬ್ಬರು, ನಾನೂ ನನ್ನ ಸಹೋದ್ಯೋಗಿಯೂ, ಗ್ರ್ಯಾಂಡ್ ಮೇಸಾ ಬೆಟ್ಟ ಹತ್ತಿದೆವು. ಸುಮಾರು ಹತ್ತು ಸಾವಿರ ಅಡಿ ಎತ್ತರದ, ಮೇಲೆಲ್ಲ ಚಪ್ಪಟೆಯಾಗಿ ನೂರಾರು ಕೆರೆಗಳಿರುವ ಬೆಟ್ಟ ಅದು. ಆ ವಾರಾಂತ್ಯ ಹಿಮಗಾಳಿ ಬೀಸಿತು. ಎರಡು ದಿನ ಮಂಜಿನಲ್ಲಿ ಐವತ್ತು ಗಜದಾಚೆ ಏನೂ ಕಾಣಲಿಲ್ಲ, ಒಂದು ಹೆಜ್ಜೆಗುರುತೂ ಸಿಗಲಿಲ್ಲ. ಗಾಳಿ ಜೋರಾಗಿದ್ದಾಗ ಎಲ್ಕ್‌ಗಳು ಮಲಗಿದ ಜಾಗ ಬಿಟ್ಟು ಏಳುವುದೇ ಇಲ್ಲ. ಅಕ್ಕಪಕ್ಕದ ಶಿಬಿರದವರು ಭಾನುವಾರ ಸಂಜೆ ಡೇರೆ ಕಿತ್ತರು. ಸೋಮವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಪಶ್ಚಿಮದಲ್ಲಿ ಚಂದ್ರ ಇನ್ನೂ ಮುಳುಗಿರಲಿಲ್ಲ. ಗುಂಡು ಹಾರಿಸಲು ಕಾನೂನು ಅನುಮತಿಸುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ. ಅಂದರೆ ಏಳು ಗಂಟೆಯ ಮೇಲೆ. ಏಳೂವರೆಗೆ ಆಸ್ಪೆನ್ ತೋಪಿನ ಅಂಚಿನಲ್ಲಿ ಹದಿನಾಲ್ಕು ಎಲ್ಕ್‌ಗಳು ಎರಡು ದಿನದ ಹಸಿವೆಯನ್ನೆಲ್ಲ ತೀರಿಸಿಕೊಳ್ಳುವಂತೆ ಮೇಯುತ್ತಿದ್ದವು. ಅವುಗಳಲ್ಲಿದ್ದ ಒಂದು ಎಳೆಯ ಗಂಡಿನ ಕೊಂಬಿಗೆ ಒಂದು ಪಕ್ಕದಲ್ಲಿ ನಾಲ್ಕು ಕವಲು ಇವೆಯೆಂದು ಇಬ್ಬರೂ ದುರ್ಬೀನಿನಲ್ಲಿ ಎರಡೆರಡು ಸಲ ಎಣಿಸಿದ ಮೇಲೆ, ಕಾನೂನಿಗೆ ಅಷ್ಟು ಬೇಕಾದ್ದರಿಂದ, ಗೆಳೆಯ ಈಡು ಹೊಡೆದ.

ಹುಣ್ಣಿಮೆಯ ಆಸುಪಾಸು ಎಲ್ಕ್ ರಾತ್ರಿಯೆಲ್ಲ ಮೇಯ್ದು ಹಗಲು ಕಾಣುವುದಿಲ್ಲವೆಂದು ಇಲ್ಲಿನ ಹಳೆಯ ಬೇಟೆಗಾರರು ಬಲವಾಗಿ ನಂಬುತ್ತಾರೆ. ಒಂದು ಬೆಳಗಿನ ಅನುಭವದಿಂದ ಅದು ಸುಳ್ಳೆಂದು ನಾನು ವಾದಿಸಲಾರೆ. ಆದರೆ ಬಿರುಗಾಳಿಗೆ ಮುಂಚಿನ ಸಂಜೆ ಮತ್ತು ಅದು ಹಾದುಹೋದ ಮರುದಿನದ ಬೆಳಗನ್ನು ಚಂದ್ರನ ಕಾರಣಕ್ಕೆ ಬಿಟ್ಟುಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಮಾಂಸದ ಲೆಕ್ಕವನ್ನು ಹೊಸಬರು ಮರೆಯುತ್ತಾರೆ. ಎಲ್ಕ್ ಬಿದ್ದ ಕ್ಷಣದಿಂದ ಕೆಲಸ ಆರಂಭ. ಬಿಸಿಲಿನ ಅಕ್ಟೋಬರ್ ದಿನದಲ್ಲಿ ಚರ್ಮ ಬಿಡಿಸುವುದು ತಡವಾದರೆ ತೊಡೆಯ ಮೂಳೆಯ ಸುತ್ತಲಿನ ಮಾಂಸ ಮೊದಲು ಕೆಡುತ್ತದೆ. ತಿನ್ನುವ ಮಾಂಸವನ್ನು ಹಾಳುಗೆಡವುವುದು ಇಲ್ಲಿ ಅಪರಾಧ ಕೂಡ. ಅಂದು ನಾವಿಬ್ಬರು ಹಿಮದಲ್ಲಿ ತಲಾ ಮೂರು ಸಲ ಬೆನ್ನ ಮೇಲೆ ಹೊತ್ತು ತರುವಷ್ಟರಲ್ಲಿ ಮಂಗಳವಾರ ಮಧ್ಯಾಹ್ನವಾಗಿತ್ತು. ಆದ್ದರಿಂದ ಕೊನೆಯ ಭಾನುವಾರದ ಸಂಜೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ವರ್ಷ ಕೊನೆಯ ಭಾನುವಾರಕ್ಕೆ ಇನ್ನೊಂದು ತೊಡಕಿತ್ತು: ನವೆಂಬರ್‌ನ ಮೊದಲ ಭಾನುವಾರ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ, ಹಿಂದಿನ ದಿನ ಏಳೂಕಾಲಿಗೆ ಶುರುವಾಗುತ್ತಿದ್ದ ಬೇಟೆಯ ವೇಳೆ ಅಂದು ಆರೂಕಾಲಿಗೇ ಶುರುವಾಗಿತ್ತು. ಅದನ್ನು ಮರೆತು ತಡವಾಗಿ ಎದ್ದವರು ಒಳ್ಳೆಯ ಬೆಳಕಿನ ಒಂದು ಗಂಟೆಯನ್ನು ನಿದ್ದೆಯಲ್ಲಿ ಕಳೆದರು.

ಈಗ ನಾನು ಕಚೇರಿಯಲ್ಲಿ ಮಾಡಿಕೊಂಡಿರುವ ಏರ್ಪಾಡು ಹೀಗಿದೆ: ಮಂಗಳವಾರದಿಂದ ಗುರುವಾರದವರೆಗೆ ಮೂರು ದಿನಗಳಿಗೆ ಆಗಸ್ಟ್‌ನಲ್ಲೇ ರಜೆ ಬರೆಯುತ್ತೇನೆ, ಇನ್ನೆರಡು ದಿನಗಳನ್ನು ತಾರೀಖು ಹಾಕದೆ ಕೇಳಿಟ್ಟಿರುತ್ತೇನೆ. ಸೀಸನ್‌ಗೆ ಒಂದು ವಾರವಿದೆಯೆನ್ನುವಾಗ ಬೆಟ್ಟದ ಮುನ್ಸೂಚನೆ ನೋಡಿ, ಹಿಮಗಾಳಿ ಹಾದುಹೋಗುವ ಮರುದಿನಕ್ಕೆ ಆ ಎರಡನ್ನು ಹಾಕುತ್ತೇನೆ. ನನ್ನ ಮ್ಯಾನೇಜರ್‌ಗೆ ಬೇಟೆಯ ಗಂಧವಿಲ್ಲ, ಆದರೆ ಫ್ರೀಜರ್‌ನಿಂದ ಅವರ ಮನೆಗೆ ಒಂದು ಪೊಟ್ಟಣ ಹೋದ ವರ್ಷದಿಂದ ಅವರೂ ಅಕ್ಟೋಬರ್ ಕೊನೆಗೆ ಹಿಮ ಯಾವಾಗ ಬೀಳುತ್ತದೆಂದು ವಿಚಾರಿಸುತ್ತಾರೆ.