ಎರಡನೇ ಅಧ್ಯಾಯದ ಪಾಡು

ಈ ವಾರವೆಲ್ಲ ಎಂ.ಎ. ಮಕ್ಕಳ ಕಿರುಪ್ರಬಂಧಗಳ ಎರಡನೇ ಅಧ್ಯಾಯ ಓದುವುದೇ ಆಯ್ತು. ಅದೇ, ‘ಪೂರ್ವ ಅಧ್ಯಯನಗಳ ಸಮೀಕ್ಷೆ’. ಒಬ್ಬರು ಹೀಗೆ ಹೇಳಿದ್ದಾರೆ, ಇನ್ನೊಬ್ಬರು ಹಾಗೆ ಹೇಳಿದ್ದಾರೆ, ಮತ್ತೊಬ್ಬರೂ ಅದನ್ನೇ ಹೇಳಿದ್ದಾರೆ... ಮದುವೆಮನೆಯ ಮುಯ್ಯಿ ಪಟ್ಟಿ ಓದಿದ ಹಾಗೆ. ಇವರಲ್ಲಿ ಯಾರ ಮಾತನ್ನು ಯಾರು ಒಪ್ಪಿಲ್ಲ, ಎಲ್ಲರೂ ಸೇರಿ ಏನನ್ನು ನೋಡದೆ ಬಿಟ್ಟಿದ್ದಾರೆ, ಅದೊಂದು ಬರುವುದೇ ಇಲ್ಲ.

ನಕಲು ತಪಾಸಣೆಯ ಭಯ ಬೇರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರೊಳಗಿದ್ದರೆ ದಂಡವಿಲ್ಲ. ಹಾಗಾಗಿ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಿಂದ ಪ್ಯಾರಾ ಎತ್ತಿ, ‘ಮಹಿಳೆ’ ಇದ್ದಲ್ಲಿ ‘ಸ್ತ್ರೀ’ ಹಾಕಿದರೆ ಮುಗಿಯಿತು ಅಂದುಕೊಂಡಿದ್ದಾರೆ. ತಂತ್ರಾಂಶಕ್ಕೆ ಗೊತ್ತಾಗದೇ ಇರಬಹುದು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೂತವರಿಗೆ ಗೊತ್ತಾಗುತ್ತೆ ಮಾರಾಯ್ರೇ! ಬೇರೆಯವರ ವಿಚಾರ ಎತ್ತಿಕೊಂಡು ಮೂಲ ಹೇಳದಿದ್ದರೆ, ಪದ ಎಷ್ಟು ಬದಲಾಯಿಸಿದರೂ ಅದು ಕೃತಿಚೌರ್ಯವೇ.

ಎಲ್ಲರೂ ಹಾಗಲ್ಲ. ಒಬ್ಬ ಹುಡುಗಿಯ ವಿಷಯ 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಮಹಿಳಾ ಸ್ವಸಹಾಯ ಸಂಘಗಳು. ಓದಿದ್ದನ್ನು ಒಂದು ಕೋಷ್ಟಕ ಮಾಡಿದ್ದಾಳೆ: ಯಾವ ಜಿಲ್ಲೆ, ಎಷ್ಟು ಜನರನ್ನು ಕೇಳಿದರು, ಏನು ಕೇಳಿದರು. ಅಂಚಿನಲ್ಲಿ ಪೆನ್ಸಿಲಿನಲ್ಲಿ, “ಸಾಲ, ಉಳಿತಾಯ, ಮರುಪಾವತಿ ಎಲ್ಲ ಲೆಕ್ಕ ಹಾಕಿದ್ದಾರೆ ಸರ್. ಆ ದುಡ್ಡನ್ನು ಮನೆಯಲ್ಲಿ ಖರ್ಚು ಮಾಡಿದ್ದು ಯಾರು ಅಂತ ನಾನು ಓದಿದ ಯಾವುದರಲ್ಲೂ ಕೇಳಿಲ್ಲ.”

ಅವಳಿಗೆ ಇಂಗ್ಲಿಷ್ ಲೇಖನ ಓದುವುದು ಕಷ್ಟ, ನಿಧಾನ. ಬಹುಶಃ ಅದಕ್ಕೇ ಪೂರ್ತಿ ಓದಿದ್ದಾಳೆ. ಉಳಿದವರು ಸಾರಾಂಶಕ್ಕೇ ನಿಲ್ಲಿಸಿದ್ದಾರೆ. ಪೆನ್ಸಿಲಿನ ಆ ಸಾಲನ್ನು ಅಧ್ಯಾಯದ ಮೊದಲ ಪುಟಕ್ಕೆ ತರಲು ಹೇಳಿದ್ದೇನೆ.