ಏಣಿ ಹತ್ತದವರ ಕೆಲಸ

ಮಳೆ ಹಿಡಿಯುವ ಮೊದಲು ಮಂಗಳೂರಿನ ಆಸುಪಾಸಿನಲ್ಲಿ ಒಂಟಿಯಾಗಿರುವ ವೃದ್ಧರ ಹಂಚಿನ ಮಾಡುಗಳನ್ನು ರಿಪೇರಿ ಮಾಡಿಸುವುದು ನಮ್ಮ ಸಂಸ್ಥೆಯ ಮೇ ತಿಂಗಳ ಕೆಲಸ. ಆಳು, ಸಾಮಾನು, ಗಾಡಿ ಹೊಂದಿಸುವುದು ನನ್ನ ಪಾಲಿನದು. ಸಾಮಾನಿನ ಹಣ ಸಂಸ್ಥೆಯದಾದರೆ ಕೈಕೆಲಸ ಹೆಚ್ಚಾಗಿ ಇಲ್ಲಿನ ಕ್ರೈಸ್ತ ಸಭೆಗಳ ನಿವೃತ್ತರದು. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಆ ಉದ್ಯೋಗವನ್ನೇ ನಂಬಿ ಬದುಕಿದ ಕುಟುಂಬಗಳು ಈ ಸಭೆಗಳಲ್ಲಿವೆ. ಮಾಡನ್ನು ಹೊರುವ ಓರೆ ಮರವಾದ ಪಕ್ಕಾಸನ್ನು ಗೆಣ್ಣಿನಿಂದ ಬಡಿದು, ಒಳಗೆ ಒರಲೆ ತಿಂದಿದೆಯೇ ಇಲ್ಲವೇ ಎಂದು ಸದ್ದಿನಿಂದಲೇ ಹೇಳುವ ಬಡಗಿಗಳು ಅಲ್ಲಿ ಇನ್ನೂ ಸಿಗುತ್ತಾರೆ.

ಅರುವತ್ತೈದು ದಾಟಿದವರು ಏಣಿ ಹತ್ತಕೂಡದೆಂದು ಆಡಳಿತ ಮಂಡಳಿ ಸುತ್ತೋಲೆ ಹೊರಡಿಸಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ಅದರ ಬೆನ್ನಿಗೇ ಬಂದ ಆ್ಯಪಿನಲ್ಲಿ ಬದಲಿಸಿದ ಹಂಚು, ಅದರಡಿಯ ರೀಪು ಪಟ್ಟಿ ಮತ್ತು ದುಡಿದ ಗಂಟೆಗಳಿಗೆ ಮಾತ್ರ ಕಾಲಂ ಇದ್ದುದರಿಂದ, ಲೈನ್‌ಮ್ಯಾನ್ ಆಗಿ ನಿವೃತ್ತರಾಗಿ ಈಗ ಎಪ್ಪತ್ತು ದಾಟಿರುವ ನಮ್ಮ ಹಿರಿಯರೊಬ್ಬರ ಹೆಸರಿನ ಮುಂದೆ ಪ್ರತಿ ವಾರವೂ ಸೊನ್ನೆ ಬೀಳತೊಡಗಿತು. ಅಂಗಳದಲ್ಲಿ ಕುರ್ಚಿ ಹಾಕಿ ಕೂರುವವರಿಗೆ ಗಾಡಿಯಲ್ಲಿ ಜಾಗವೇಕೆ ಎಂದು ಕಚೇರಿಯಿಂದ ಪ್ರಶ್ನೆಯೂ ಬಂತು.

ಆ ವಾರದಲ್ಲೇ ಒಂದು ಮನೆಯಲ್ಲಿ ಹಂಚು ಇಳಿಸಿ, ಸೂರಿನ ಕಡೆಯ ಪಕ್ಕಾಸನ್ನು ಹುಡುಗರು ಎಬ್ಬುತ್ತಿದ್ದಾಗ ಒಳಗಿನ ಫ್ಯಾನ್ ನಿಂತಿತು. ಮೇ ತಿಂಗಳಲ್ಲಿ ಕರೆಂಟ್ ಹೋಗುವುದು ಯಾರಿಗೂ ಹೊಸತಲ್ಲವಾದ್ದರಿಂದ ನಾವು ಯಾರೂ ಕೈ ನಿಲ್ಲಿಸಲಿಲ್ಲ. ಹಿರಿಯರು ಮಾತ್ರ ಕುರ್ಚಿಯಿಂದ ಎದ್ದು ಪಕ್ಕದ ಮನೆಯತ್ತ ಕಿವಿಗೊಟ್ಟರು. ಅಲ್ಲಿ ಮಿಕ್ಸಿ ತಿರುಗುತ್ತಿತ್ತು. "ಯಾರೂ ಏನನ್ನೂ ಮುಟ್ಟಬೇಡಿ. ಅಮ್ಮ, ನೀವು ಅಲ್ಲೇ ನಿಲ್ಲಿ" ಎಂದು ಅವರು ಕೂಗಿದಾಗ, ಮನೆಯ ಅಜ್ಜಿ ನಮಗೆ ತಣ್ಣೀರು ಕೊಡಲೆಂದು ಬರಿಗಾಲಿನಲ್ಲಿ ಫ್ರಿಜ್ಜಿನ ಮುಂದೆ ನಿಂತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. ಎರಡನೆಯ ಸಲ ಕೂಗಿದಾಗ ಅವರು ತಿರುಗಿ ನೋಡಿದರು. ಚಾಚಿದ ಕೈ ಹಿಂದೆ ಬರಲು ಇನ್ನೊಂದು ಗಳಿಗೆ ಹಿಡಿಯಿತು. ಮಾಡಿನ ಮೇಲಿದ್ದ ಹುಡುಗರು ಪಕ್ಕಾಸನ್ನು ಹೆಗಲ ಮೇಲೆ ಹೊತ್ತಂತೆಯೇ ಅಲ್ಲಾಡದೆ ನಿಂತರು. ಹಿರಿಯರು ಚಪ್ಪಲಿ ಕಳಚದೆ ಒಳಗೆ ಹೋಗಿ ಫ್ರಿಜ್ಜಿನ ಮೈಗೆ ಟೆಸ್ಟರ್ ಹಿಡಿದರು. ಟೆಸ್ಟರಿನ ದೀಪ ಹೊತ್ತಿಕೊಂಡಿತು. ಮೈನ್ ಸ್ವಿಚ್ ಇಳಿಸಿದ ಮೇಲಷ್ಟೇ ಅವರು ಅಜ್ಜಿಗೆ ಕೂರಲು ಹೇಳಿದರು.

ಪಕ್ಕಾಸಿನ ಜೊತೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನೂ ಎಳೆದಿದ್ದ ನಮ್ಮ ಕೆಲಸದಿಂದಲೇ ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್, ಅಂದರೆ ಕರೆಂಟ್ ಹಿಂದಿರುಗುವ ವೈರ್, ಕಳಚಿಕೊಂಡಿತ್ತು. ಅಷ್ಟೇ ಆಗಿದ್ದರೆ ಫ್ಯಾನ್ ನಿಲ್ಲುವುದರೊಂದಿಗೆ ವಿಷಯ ಮುಗಿಯುತ್ತಿತ್ತು. ಆದರೆ ಹಿಂದೆ ಯಾರೋ ಅರ್ತಿಂಗಿನ ಖರ್ಚು ಉಳಿಸಲು ಪ್ಲಗ್ ಪಾಯಿಂಟಿನಲ್ಲಿ ಅರ್ತ್ ಪಿನ್ನನ್ನು ಒಂದು ತುಂಡು ವೈರಿನಿಂದ ನ್ಯೂಟ್ರಲ್‌ಗೇ ಜೋಡಿಸಿದ್ದರು. ಹಿಂದಿರುಗುವ ದಾರಿ ಕಡಿದ ಕರೆಂಟ್ ಆ ತುಂಡು ವೈರಿನ ಮೂಲಕ ಫ್ರಿಜ್ಜಿನ ತಗಡಿಗೆ ಬಂದು ನಿಂತಿತ್ತು. ಫ್ಯಾನ್ ನಿಂತಿದೆ, ಹಾಗಾಗಿ ಕರೆಂಟ್ ಇಲ್ಲ ಎಂದು ನಂಬುವುದು ಎಷ್ಟು ಅಪಾಯವೆಂಬುದು ಮೂವತ್ತು ವರ್ಷ ಕಂಬ ಹತ್ತಿದವರಿಗೆ ಗೊತ್ತಿತ್ತು. ಹಂಚು ಎಣಿಸುವ ಆ್ಯಪಿಗೆ ಗೊತ್ತಿರುವ ಸಂಭವವಿಲ್ಲ.

ವೈರಿಂಗ್ ಬದಲಿಸುವುದು ಲೈಸೆನ್ಸ್ ಇರುವವರ ಕೆಲಸವಾದ್ದರಿಂದ ಕಂಟ್ರಾಕ್ಟರರನ್ನು ಕರೆಸಿ, ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿದೆವು. ಅರ್ತ್ ಗುಂಡಿಯ ವಿಷಯದಲ್ಲಿ ಹಿರಿಯರು ಪಟ್ಟು ಬಿಡಲಿಲ್ಲ: ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ಹಿಡಿಯುವುದಿಲ್ಲವಾದ್ದರಿಂದ ಗುಂಡಿ ಬಚ್ಚಲ ನೀರು ಹರಿಯುವ ಕಡೆಗೇ ಇರಬೇಕೆಂದು ಅವರೇ ಜಾಗ ತೋರಿಸಿದರು. ಈಗ ಮೀಟರ್ ಬೋರ್ಡಿನಿಂದ ಅಡುಗೆಮನೆಯವರೆಗೆ ಅವರು ನೋಡಿ ಮುಗಿಸುವ ತನಕ ಯಾವ ಮನೆಯಲ್ಲೂ ಒಂದು ಹಂಚನ್ನೂ ಇಳಿಸುವುದಿಲ್ಲ. ಇದರಿಂದ ಬೆಳಗಿನ ಒಂದು ಗಂಟೆ "ಉತ್ಪಾದಕವಲ್ಲದ ಸಮಯ" ಎಂದು ದಾಖಲಾಗುತ್ತದೆ. ಅವರಿಗಾಗಿ ಬೇರೆ ಕಾಲಂ ಬೇಕೆಂದು ನಾನು ಬರೆದುದಕ್ಕೆ ಕಚೇರಿಯು ಅವರ ಕೌಶಲ ಪ್ರಮಾಣಪತ್ರ ಕೇಳಿತು. ಅವರು ಪಿಂಚಣಿ ಆದೇಶದ ನಕಲನ್ನು ಕೊಟ್ಟಿದ್ದಾರೆ, ಅದು ಪರಿಶೀಲನೆಯಲ್ಲಿದೆಯಂತೆ.