ನ್ಯೂ ರಾಸ್‌ನ ಡನ್‌ಬ್ರೋಡಿ: ಹಾಯಿಹಡಗು ನೋಡಲು ಹೊರಡುವವರಿಗೆ

ಹತ್ತೊಂಬತ್ತನೆಯ ಶತಮಾನದ ಐರಿಷ್ ಸರಕು ಹಾಯಿಹಡಗುಗಳಲ್ಲಿ ಆಸಕ್ತಿಯುಳ್ಳವರು ಡಬ್ಲಿನ್‌ನಲ್ಲಷ್ಟೇ ಉಳಿಯದೆ ವೆಕ್ಸ್‌ಫರ್ಡ್ ಕೌಂಟಿಯ ನ್ಯೂ ರಾಸ್‌ಗೂ ಹೋಗಿಬರಬೇಕೆಂದು ನನ್ನ ಸಲಹೆ. ಬ್ಯಾರೋ ನದಿಯ ದಡದ ಈ ಸಣ್ಣ ಊರಿಗೆ ಈಗ ಪ್ರಯಾಣಿಕರ ರೈಲಿಲ್ಲ. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ವಾಟರ್‌ಫರ್ಡ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿಯಬಹುದು. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಷೆಂಗೆನ್ ಒಕ್ಕೂಟದಲ್ಲಿ ಐರ್ಲೆಂಡ್ ಇಲ್ಲವಾದ್ದರಿಂದ ಆ ವೀಸಾ ಇಲ್ಲಿ ನಡೆಯದು ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ಗಮನಿಸಿ.

ದಡದಲ್ಲಿ ನಿಂತಿರುವುದು ಡನ್‌ಬ್ರೋಡಿ ಎಂಬ ಹಾಯಿಹಡಗಿನ, 2001ರಲ್ಲಿ ನೀರಿಗಿಳಿದ ಪ್ರತಿಕೃತಿ. ಮೂಲ ಡನ್‌ಬ್ರೋಡಿಯನ್ನು ನ್ಯೂ ರಾಸ್‌ನ ವರ್ತಕ ಗ್ರೇವ್ಸ್ ಕುಟುಂಬಕ್ಕಾಗಿ 1845ರಲ್ಲಿ ಕ್ವಿಬೆಕ್‌ನಲ್ಲಿ ಕಟ್ಟಲಾಗಿತ್ತು. ಕೆನಡಾದಿಂದ ಮರದ ದಿಮ್ಮಿ ತರುವುದು ಅದರ ಮುಖ್ಯ ಕೆಲಸ. ಮರಳಿ ಹೋಗುವಾಗ ಬರಿದಾಗುತ್ತಿದ್ದ ಅದೇ ಸರಕಿನ ಅಂಕಣದಲ್ಲಿ ಹಲಗೆಯ ಮಂಚಗಳನ್ನು ಜೋಡಿಸಿ, ಆಲೂಗೆಡ್ಡೆ ಕ್ಷಾಮದಿಂದ ಊರು ಬಿಟ್ಟವರನ್ನು ತುಂಬಿಕೊಳ್ಳುತ್ತಿದ್ದರು. 1847ರ ಒಂದು ಯಾನದಲ್ಲಿ 313 ಜನ ಹೊರಟು ಆರು ಮಂದಿಯಷ್ಟೇ ಸತ್ತರು. ಅದೇ ವರ್ಷ ರೋಗ ಹರಡದಂತೆ ವಲಸಿಗರನ್ನು ತಡೆದು ಪ್ರತ್ಯೇಕವಾಗಿಡುತ್ತಿದ್ದ, ಕ್ವಿಬೆಕ್ ಬಳಿಯ ಗ್ರೋಸ್ ಐಲ್ ದ್ವೀಪದಲ್ಲಿ 5,000ಕ್ಕೂ ಹೆಚ್ಚು ಜನರನ್ನು ಹೂಳಬೇಕಾಯಿತೆಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥ ತಿಳಿಯುತ್ತದೆ.

ಮಾರ್ಗದರ್ಶಕರ ಮಾತು ಹೆಚ್ಚಾಗಿ ವಲಸಿಗರ ಸುತ್ತಲೇ ಇರುತ್ತದೆ. ಅದು ಸಹಜವೇ, ಆದರೆ ಖಲಾಸಿಗಳ ಬದುಕನ್ನು ನೀವೇ ಕೇಳಿ ತಿಳಿಯಬೇಕು. ಹಡಗಿನ ಅಟ್ಟದ (ಡೆಕ್) ಮೇಲೆ ನಿಂತು ತಲೆಯೆತ್ತಿ ನೋಡಿ: ಹಾಯಿ ಕಟ್ಟುವ ಅಡ್ಡಮರದ ಕೆಳಗೆ ಒಂದು ಹಗ್ಗ ಜೋತುಬಿದ್ದಿರುತ್ತದೆ. ಬಿರುಗಾಳಿಯಲ್ಲಿ ನಾವಿಕರು ಆ ಹಗ್ಗದ ಮೇಲೆ ಪಾದವೂರಿ, ಹೊಟ್ಟೆಯನ್ನು ಮರಕ್ಕೆ ಆನಿಸಿ, ಎರಡೂ ಕೈಗಳಿಂದ ಒದ್ದೆಯಾದ ದಪ್ಪ ಬಟ್ಟೆಯನ್ನು ಎಳೆದು ಸುತ್ತುತ್ತಿದ್ದರು. ಹಾಯಿ ಸುತ್ತುವುದು, ಕುಗ್ಗಿಸುವುದು, ಚುಕ್ಕಾಣಿ ಹಿಡಿಯುವುದು, ಈ ಮೂರೂ ಬಲ್ಲವನೇ ನುರಿತ ನಾವಿಕ. ನಾಲ್ಕು ಗಂಟೆಗೊಮ್ಮೆ ಪಾಳಿ ಬದಲಾಗುತ್ತಿತ್ತು. ಬಡಗಿ, ಅಡುಗೆಯವನಂಥ ಕೆಲವರಿಗೆ ಮಾತ್ರ ರಾತ್ರಿಯಿಡೀ ಮಲಗುವ ಭಾಗ್ಯವಿತ್ತು, ಎಲ್ಲರನ್ನೂ ಅಟ್ಟಕ್ಕೆ ಕರೆಯುವ ಬಿರುಗಾಳಿಯ ಹೊತ್ತನ್ನು ಬಿಟ್ಟರೆ.

ಕೆಳಗಿಳಿಯುವ ಮೆಟ್ಟಿಲು ಕಡಿದಾಗಿದ್ದು ತೊಲೆಗಳು ತಗ್ಗಾಗಿರುವುದರಿಂದ ಮೊಣಕಾಲು ನೋವಿರುವ ಹಿರಿಯರು ಮೊದಲೇ ವಿಚಾರಿಸುವುದು ಲೇಸು. ಬೇಸಿಗೆಯಲ್ಲೂ ಮಳೆಯಂಗಿ ಬೇಕು.

ಡಬ್ಲಿನ್‌ಗೆ ಮರಳಿದ ಮೇಲೆ ಬಿಡುವಿದ್ದರೆ ಬಿಷಪ್ ಸ್ಟ್ರೀಟ್‌ನ ರಾಷ್ಟ್ರೀಯ ಪತ್ರಾಗಾರವನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳಿ. ಐರಿಷ್ ಬಂದರುಗಳಲ್ಲಿ ನೋಂದಾಯಿತವಾದ ಹಡಗುಗಳ 1863ರಿಂದ 1921ರವರೆಗಿನ ಸಿಬ್ಬಂದಿ ಪಟ್ಟಿಗಳು ಅಲ್ಲಿವೆ. ನಾವಿಕನ ವಯಸ್ಸು, ಹುಟ್ಟೂರು, ಹಿಂದೆ ದುಡಿದ ಹಡಗು ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಈ ಪಟ್ಟಿಗಳನ್ನು ಅಂತರ್ಜಾಲದಲ್ಲೂ ಹುಡುಕಬಹುದಾದ್ದರಿಂದ, ಊರಿನಿಂದಲೇ ಒಂದೆರಡು ಹಡಗುಗಳ ಹೆಸರು ಗುರುತು ಮಾಡಿಕೊಂಡು ಹೋದರೆ ಅಲ್ಲಿ ಸಮಯ ಉಳಿಯುತ್ತದೆ.